ಚಿಲ್ಲರೆ ಬಾಕಿ

ಸ್ಟೇಟ್‌ಬ್ಯಾಂಕಿನಿಂದ ಹೊರಟದ್ದು ಎಂಟಕ್ಕೋ, ಎಂಟೂ ಚಿಲ್ಲರೆಗೋ,
ಗಡಿಯಾರ ನೋಡಲಿಲ್ಲ.
ಮೂವತ್ತೊಂದು ವರ್ಷ ಎಂಟು ಏಳಕ್ಕೆ ಬಸ್ಸು ಬಿಟ್ಟವನು ನಾನು.
ಎಂಟು ಎಂಟಾದರೆ ಹಿಂದಿನ ಬಸ್ಸಿನವ
ಹಾರ್ನಿನಲ್ಲೇ ನನ್ನ ಹಿರಿಯರನ್ನೆಲ್ಲ ನೆನೆಯುತ್ತಿದ್ದ.

ಈಗ ಅಳಿಯನ ಹಳೆಯ ಮಾರುತಿ,
ಗೇರು ಬದಲಿಸಿದರೆ ಕೆಮ್ಮುತ್ತದೆ.
ಪಕ್ಕದ ಸೀಟಿನಲ್ಲಿ ಒಂದು ಬಾಟ್ಲಿ ನೀರು, ಒಂದು ಬೈರಾಸು.
ಹಿಂದೆ ಯಾರೂ ಇಲ್ಲ.
ಮುಳ್ಳು ಮೂವತ್ತು ದಾಟದಂತೆ
ಕಾಲಿಗೆ ಹೇಳಿ ಹೇಳಿ ಕೂರಿಸಿದ್ದೇನೆ,
ಮದುವೆಮನೆಯ ಪಂಕ್ತಿಯಲ್ಲಿ ಹಸಿದ ಮಗುವನ್ನು ಕೂರಿಸಿದ ಹಾಗೆ.

ಕೂಳೂರು ಸೇತುವೆಯಲ್ಲಿ ಮೊದಲ ಸಲ ಕೆಳಗೆ ನೋಡಿದೆ.
ನೀರು ಉಂಟು. ದೋಣಿ ಉಂಟು.
ದೋಣಿಯಲ್ಲಿ ಒಬ್ಬ ಹಲ್ಲುಜ್ಜುತ್ತಿದ್ದಾನೆ.
ಇಷ್ಟು ವರ್ಷವೂ ಇಲ್ಲೇ ಉಜ್ಜುತ್ತಿದ್ದನೋ ಏನೋ.

ಸುರತ್ಕಲ್ಲಿನಲ್ಲಿ ಎರಡು, ಮುಲ್ಕಿಯಲ್ಲಿ ಒಂದು,
ಹೆಜಮಾಡಿಯಲ್ಲಿ ಕೈ ತೋರಿಸಿದರೆ ಮಾತ್ರ.
ಊರುಗಳೆಂದರೆ ನನಗೆ ನಿಮಿಷಗಳು.
ಇವತ್ತು ಮುಲ್ಕಿಯಲ್ಲಿ ಇಳಿದು ಚಾ ಕುಡಿದೆ,
ಗೋಳಿಬಜೆ ಆರುವವರೆಗೆ ಕಾದೆ.
ನಾಲಿಗೆ ಸುಟ್ಟುಕೊಳ್ಳದೆ ಅದನ್ನು ತಿಂದದ್ದು ಇದೇ ಮೊದಲು.
ಹೊಟೇಲಿನವ ಕೇಳಿದ, ‘ಎಲ್ಲಿಗೆ ಹೊರಟದ್ದು?’
‘ಇಲ್ಲಿಗೇ’ ಎಂದೆ.

ಶಾಂಭವಿಯ ಸೇತುವೆ ಮೇಲೆ ಒಮ್ಮೆ
ತಗಡು ಬಡಿದು ಎಕ್ಸ್‌ಪ್ರೆಸ್ ನಿಲ್ಲಿಸಿದ್ದ ನನ್ನ ಕಂಡಕ್ಟರ್ ಲಿಗೋರಿ.
ಯಾರದೋ ಪುಟ್ಟ ಹುಡುಗಿಗೆ ನದಿಗೆ ನಾಣ್ಯ ಹಾಕಬೇಕಂತೆ.
ಟೈಮ್‌ಕೀಪರ್ ದಂಡ ಹಾಕಿದ್ದು ಐವತ್ತು ರೂಪಾಯಿ.
‘ನಾಣ್ಯ ನಾಲ್ಕಾಣೆಯದ್ದು ಮಾರಾಯ’ ಎಂದು
ತನ್ನ ಕಿಸೆಯಿಂದಲೇ ಕೊಟ್ಟು ನಕ್ಕಿದ್ದ.

ಹತ್ತೊಂಬತ್ತು ವರ್ಷ ನನ್ನ ಬೆನ್ನ ಹಿಂದೆ ಇದ್ದವ.
ಮುಖ ಕಂಡದ್ದು ಕನ್ನಡಿಯಲ್ಲಿ,
ಸ್ವರ ಮಾತ್ರ ನೇರ: ‘ಪೋಯಿ, ಪೋಯಿ!’
ತಗಡಿಗೆ ಎರಡು ಪೆಟ್ಟು, ನನ್ನ ಕಾಲು ಎಕ್ಸಲರೇಟರಿಗೆ.
ಉದ್ಯಾವರದ ಇಗರ್ಜಿಯಲ್ಲಿ ಅವನನ್ನು ಮಲಗಿಸಿದ್ದಾಗ
ಬೇರೆ ಯಾರೋ ಎಂದು ಹಿಂದೆ ಸರಿದೆ.
ಬೈತಲೆ ಬಲಕ್ಕಿತ್ತು.
ನನ್ನ ಲಿಗೋರಿಯದ್ದು ಎಡಕ್ಕೆ.

ಎರ್ಮಾಳಿನ ಹತ್ತಿರ ಹಿಂದಿನಿಂದ ಒಂದು ಬಸ್ಸು,
ರಸ್ತೆ ಅದರ ಅಜ್ಜ ಮಾಡಿಟ್ಟ ಆಸ್ತಿ ಎಂಬಂತೆ.
ಸರಿದು ಕೊಟ್ಟೆ.
ಡ್ರೈವರ್ ಹುಡುಗ ತುಳುವಿನಲ್ಲಿ ಏನೋ ಎಸೆದು ಹೋದ,
ನಾವು ಎಸೆಯುತ್ತಿದ್ದದ್ದೇ, ಒಂದಕ್ಷರ ಬದಲಾಗಿಲ್ಲ.
ಖುಷಿಯಾಯಿತು.
ಸುಳ್ಳು ಯಾಕೆ, ಆಗ ಗಡಿಯಾರ ನೋಡಿಬಿಟ್ಟೆ.
ಮೂರು ನಿಮಿಷ ಲೇಟು ಅವನು.

ಕಟಪಾಡಿಯಲ್ಲಿ
ಶಂಕರಪುರದ ಮಲ್ಲಿಗೆ ಬುಟ್ಟಿ ಹಿಡಿದು ನಿಲ್ಲುತ್ತಿದ್ದಳೊಬ್ಬಳು.
ಎತ್ತಿ ಕೊಡಲು ಇಪ್ಪತ್ತು ಸೆಕೆಂಡು. ಹದಿನಾಲ್ಕು ತಿಂಗಳು.
ಲೆಕ್ಕ ಹಾಕಿದ್ದೇನೆ, ಒಟ್ಟು ಎರಡು ಗಂಟೆ ಇಪ್ಪತ್ತು ನಿಮಿಷ,
ಉಡುಪಿಗೊಮ್ಮೆ ಹೋಗಿ ಬರುವಷ್ಟು.
‘ಹೆಸರಾದರೂ ಕೇಳು’ ಎನ್ನುತ್ತಿದ್ದ ಲಿಗೋರಿ.
ಆ ಎಂಜಿನ್ನಿನ ಸದ್ದಿನಲ್ಲಿ ಏನು ಕೇಳುವುದು?
ಆಫ್ ಮಾಡಬೇಕಿತ್ತು.

ಇವತ್ತು ಆಫ್ ಮಾಡಿದೆ.
ಒಂದು ಕಾಗೆ. ಮೀನಿನ ಸ್ಕೂಟರಿನ ಪೋಂ ಪೋಂ. ಯಾರದೋ ಮಿಕ್ಸಿ.
ಕಟಪಾಡಿಗೆ ಇಷ್ಟು ಸಣ್ಣ ಸ್ವರ ಉಂಟೆಂದು ಗೊತ್ತಿರಲಿಲ್ಲ.
ಹೂವಿನ ಅಂಗಡಿಯ ಹುಡುಗ
ಬಾಳೆಎಲೆಯಲ್ಲಿ ಒಂದು ಚೆಂಡು ಸುತ್ತಿ ಕೊಟ್ಟ.
ಐನೂರರ ನೋಟು ಹಿಡಿದು
ಚಿಲ್ಲರೆಗೆ ಆಚೆ ಅಂಗಡಿಗೆ ಓಡಿದ.
ಹೂವನ್ನು ಪಕ್ಕದ ಸೀಟಿನಲ್ಲಿ, ಬೈರಾಸಿನ ಮೇಲೆ ಇಟ್ಟು
ಕಾರು ಚಾಲೂ ಮಾಡಿ ಕೂತೆ.
ರಿಕ್ಷಾದವನಿಗೆ ನಾನು ಅಡ್ಡ.
ಇಳಿದು ಬಂದವನೇ ಕಾರಿನ ಬೆನ್ನಿಗೆ
ಎರಡು ಪೆಟ್ಟು ಬಡಿದ.

ಕಾಲು ನನ್ನನ್ನು ಕೇಳಲಿಲ್ಲ.

ಬಾಕಿ ಹಣದ ನೆನಪಾದದ್ದು
ಉದ್ಯಾವರದ ಹೊಳೆ ದಾಟುವಾಗ.
ತಿರುಗಿಸಲಿಲ್ಲ.
ಲಿಗೋರಿಯಾಗಿದ್ದರೆ
ಟಿಕೆಟಿನ ಬೆನ್ನ ಮೇಲೆ ಬರೆದು, ಕೆಳಗೊಂದು ಗೆರೆ ಎಳೆದು
ಕೊಡುತ್ತಿದ್ದ:
‘ಇಳಿಯುವಾಗ ಕೇಳಿ.’