ನಾನೂರ ಹದಿನೇಳನೆಯ ಸಾಲು

ನಾನೂರ ಹದಿನಾರರವರೆಗೆ ತೊಂದರೆಯಿರಲಿಲ್ಲ.
ಉಳಿಸು, ಅಳಿಸು, ಹಿಂದೆ ಹೋಗು:
ಬಿಬಿಯಾನೆ ಕಾಫಿ ಆರುವ ಮೊದಲೇ ದಾಟಿದ್ದಳು.
ಆಮೇಲೆ ಇದೊಂದು: ಓಪನ್.
ಹಿಂದಿಲ್ಲ, ಮುಂದಿಲ್ಲ, ಚಿತ್ರವಿಲ್ಲ,
ಎಕ್ಸೆಲ್ ಹಾಳೆಯ ಬಿಳಿ ಚೌಕದಲ್ಲಿ
ಹೇಳುವವರು ಕೇಳುವವರಿಲ್ಲದ ನಾಲ್ಕಕ್ಷರ.

ತೆರೆ ಎಂದೋ? ತೆರೆದಿದೆ ಎಂದೋ?
ಅಪ್ಪಣೆಯೋ, ವರದಿಯೋ?
ಮೀನು ಕಾರ್ಖಾನೆಯ ಶೀತಲಯಂತ್ರದ ತಂತ್ರಾಂಶವಿದು;
ಕವಾಟದಾಚೆ ಇರುವುದು ನೀರಲ್ಲ, ಅಮೋನಿಯಾ.
ತೆರೆದದ್ದನ್ನು ತೆರೆಯಹೋದವನು ಮುಚ್ಚಿಯಾನು.
ಮುಚ್ಚಿದೆ ಎಂದು ನಂಬಿದವನು
ಮೂಗು ಮುಚ್ಚಿಕೊಳ್ಳಲೂ ಪುರಸೊತ್ತಿಲ್ಲದೆ...

ಹ್ಯಾಂಬರ್ಗಿಗೆ ಬರೆದು ಕೇಳಿದಳು. ಎರಡು ದಿನಕ್ಕೆ ಉತ್ತರ:
'ಸಂದರ್ಭ ಲಭ್ಯವಿಲ್ಲ. ಗುಂಡಿಯ ಅಗಲ ಹನ್ನೆರಡು ಅಕ್ಷರ.'
ಹನ್ನೆರಡು!
ಅವಳ ನುಡಿಯಲ್ಲಿ ಯಾರು, ಯಾರನ್ನು, ಹೇಗೆ, ಎಲ್ಲವನ್ನೂ
ಉದ್ದ ದಾರಕ್ಕೆ ಗಾಳ ಪೋಣಿಸಿದ ಹಾಗೆ
ಒಂದೇ ಪದಕ್ಕೆ ಬಿಗಿಯುತ್ತಾರೆ;
ನಡುವೆ ಕತ್ತರಿಸಿದರೆ ಮೀನು ಯಾರದೆಂದು ತಿಳಿಯದು.

(ನಾನಾದರೂ ಸುಖಿಯೇ? ಕನ್ನಡದಲ್ಲಿ ತೆರೆ ಅಂದರೆ
ಬಾಗಿಲಿಗೊಂದು ಮಾತು, ಕಡಲಿಗೊಂದು ಅಲೆ,
ನಾಟಕಕ್ಕೊಂದು ಪರದೆ.
ಅವಳ ಕತೆ ಹೇಳಹೊರಟು ಮೂರರಲ್ಲೂ ಒದ್ದೆಯಾಗಿದ್ದೇನೆ.)

ಗ್ರೀನ್‌ಲ್ಯಾಂಡಿನ ಮಾನೀತ್ಸೊಕ್: ಹೆಸರಿನ ಅರ್ಥವೇ ಏರುಪೇರು.
ಬಂದರಿಗಿಳಿಯುವ ಮರದ ಮೆಟ್ಟಿಲಿಗೆ ಮರಳು ಚೆಲ್ಲಿದ್ದರು.
ರಾತ್ರಿ ಪಾಳಿಯಲ್ಲಿ ಏನೊಕ್,
ಮೂವತ್ತು ವರ್ಷದಿಂದ ಚಳಿಯನ್ನು ಕಾಯುತ್ತ ಬಂದವನು.
'ಈ ಗುಂಡಿಯಾ?' ನಕ್ಕ. 'ಯಾರು ಓದ್ತಾರೆ ಅದನ್ನ!'
ಗಾಜಿನ ಅಂಚಿಗೆ ಅಂಟುಪಟ್ಟಿ, ಅದರ ಮೇಲೆ ಪೆನ್ನಿನಲ್ಲಿ
ಬಾಯಿ ಬಿಟ್ಟ ಕಾಡ್ ಮೀನು.
ಅವಳ ಕೈಯನ್ನು, ಗ್ಲೌಸಿನ ಸಮೇತ, ಕೊಳವೆಯ ಮೇಲಿಟ್ಟ:
ಒಳಗೆ ಸಣ್ಣ ನಡುಕ.
'ಹೋಗ್ತಾ ಇದೆ ಅಂತೀವಿ. ನಿಂತಿದೆ ಅಂತೀವಿ. ಅಷ್ಟೇ.'

ಹೋಗುತ್ತಿದೆ.
ಮೆಟ್ಟಿಲು ಹತ್ತುತ್ತ ಬೆರಳು ಮಡಚಿ ಎಣಿಸಿದಳು:
ಅವಳ ನುಡಿಯಲ್ಲಿ ಹತ್ತೇ ಅಕ್ಷರ, ಎರಡು ಉಳಿತಾಯ.

ಮೂರನೆಯ ದಿನ ಪರಿಶೀಲಕರ ಕೆಂಪು ಟಿಪ್ಪಣಿ:
'ಮೂಲದಲ್ಲಿ ಹರಿವಿನ ಪ್ರಸ್ತಾಪವಿಲ್ಲ. ದಯವಿಟ್ಟು ನಿಷ್ಠೆಯಿರಲಿ.'
ಯಾರಿಗೆ, ಎಂದು ಟೈಪಿಸಿದಳು. ಅಳಿಸಿದಳು.

ಕಾರ್ಖಾನೆಯ ಪರದೆಯಲ್ಲಿ ಈಗಲೂ ಓಪನ್ ಎಂದೇ ಇದೆ.
ಅದರ ಕೆಳಗೆ, ಮೀನಿನ ಬಾಯಿಂದ ಹೊರಟ ಗುಳ್ಳೆಯ ಹಾಗೆ,
ಹೊಸ ಅಂಟುಪಟ್ಟಿ, ದುಂಡನೆಯ ಕೈಬರಹ;
ಚಳಿಗೆ ಒಂದು ಮೂಲೆ ಆಗಲೇ ಎದ್ದಿದೆ.

ನಾನೂರ ಹದಿನೆಂಟು: ಕ್ಲೋಸ್.
ಮುಚ್ಚು ಎಂದೋ, ಹತ್ತಿರ ಎಂದೋ.
ಅವಳು ಮತ್ತೆ ಕೋಟು ಹುಡುಕುತ್ತಾಳೆ.