ಹದಿನಾಲ್ಕನೇ ಮಹಡಿಯ ಘಾಟು

ಟಬ್ಬು ನಮ್ಮ ಮಗಳದು. ನೀಲಿ. ಮೂರು ಡಾಲ್ಫಿನ್ನು,
ಒಂದರ ಕಣ್ಣು ಉಜ್ಜಿಹೋಗಿದೆ.
ನಸುಕಿಗೆದ್ದು ಸೈಕಲ್ ಪಂಪಿನಲ್ಲಿ ಗಾಳಿ ತುಂಬಿದ್ದು ನಾನು.
ಗಾಜಿಯಾಬಾದಿನ ಈ ತಾರಸಿಯ ಮೇಲೆ
ಗಂಗೆಯೆಂದರೆ ಸದ್ಯಕ್ಕೆ ಇಷ್ಟೇ:
ಟ್ಯಾಂಕಿನ ನೀರು, ಒಂದು ಪೈಪು, ನಡುವೆ
ಮೊಣಕಾಲುದ್ದ ಮುಳುಗಿ ನಿಂತ
ಎದುರು ಮನೆಯ ರಾಮರತಿ ದೇವಿ.

ಮೂವತ್ತಾರು ಗಂಟೆಯಿಂದ ಗುಟುಕು ನೀರಿಲ್ಲ.
ಮೂಗಿನ ತುದಿಯಿಂದ ಬೈತಲೆಯವರೆಗೆ ಕಿತ್ತಳೆ ಸಿಂಧೂರ.
ಕೈಯಲ್ಲಿ ಬಿದಿರ ಮೊರ, ಮೊರದಲ್ಲಿ ಠೇಕುವಾ, ಗೆಣಸು,
ಎಲೆಸಮೇತ ಅರಿಸಿನದ ಗಿಡ, ಮೂಲಂಗಿ,
ಆ್ಯಪಿನಲ್ಲಿ ತರಿಸಿದ ಕಬ್ಬು.
ಬಾರ್‌ಕೋಡಿನ ಚೀಟಿ ಕೀಳಲು ಮರೆತಿದ್ದಾರೆ.

"ಆರು ಮೂವತ್ತೊಂಬತ್ತು, ಅಮ್ಮಾಜಿ. ಹುಟ್ಟಿಯಾಯ್ತು,"
ಮೊಬೈಲು ನೋಡಿ ಸೊಸೆ ನಿಭಾ ಹೇಳಿದಳು.
ಪೂರ್ವಕ್ಕೆ ಅಡ್ಡ ಬಿ ಟವರು, ಅದರ ನೆತ್ತಿಗೆ ಹೊಗೆ.
"ಹುಟ್ಟಿದ್ದು ಅದಕ್ಕೆ. ನನಗಿನ್ನೂ ಇಲ್ಲ."

ಆಗಲೇ ಪಶ್ಚಿಮದ ಬ್ಯಾಂಕಿನ ಗಾಜಿಗೆ
ಏಕಾಏಕಿ ಬೆಂಕಿ ಹತ್ತಿತು.
ಹೋ ಎಂದೆವು ಎಲ್ಲರೂ. ನಿಭಾ ಹಾಲಿನ ಲೋಟ ಚಾಚಿದಳು.
ರಾಮರತಿ ತಿರುಗಿ ದಿಟ್ಟಿಸಿದರು,
ಪರಊರ ಬಸ್ಸಿನಲ್ಲಿ ಎದುರಾದ ನೆಂಟನನ್ನು
ಹೌದೋ ಅಲ್ಲವೋ ಎಂದು ನೋಡುವ ಹಾಗೆ.
ಮತ್ತೆ ಪೂರ್ವಕ್ಕೇ ತಿರುಗಿದರು.

ಹತ್ತೊಂಬತ್ತು ನಿಮಿಷ. ಟಬ್ಬು ಎಲ್ಲೋ ಸೋರುತ್ತಿತ್ತು.
ನೀರು ಮೊಣಕಾಲಿಳಿದು ಮೀನಖಂಡಕ್ಕೆ ಬಂದಾಗ
ನಾನು ಕುಕ್ಕರಗಾಲಲ್ಲಿ ಕೂತು
ಡಾಲ್ಫಿನ್ನಿನ ಹೊಟ್ಟೆಯಡಿ ತೂತು ಹುಡುಕಿ
ಹೆಬ್ಬೆರಳು ಒತ್ತಿ ಹಿಡಿದೆ.

ಬಿ ಟವರಿನ ಎರಡು ಸಿಂಟೆಕ್ಸುಗಳ ಸಂದಿಯಲ್ಲಿ
ಕೆಂಪಗೆ ಒಂದು ಅಂಚು.

ಎಲ್ಲರ ಕೈ ಮುಗಿದವು.
ನನ್ನದೊಂದು ಮಾತ್ರ
ನೀರು ಹಿಡಿದುಕೊಂಡಿತ್ತು.