ತುಟಿಯೋದು

ಕುತೈಸಿಯ ಬಿಳಿ ಸೇತುವೆಯ ಆಚೆ, ಔಷಧದಂಗಡಿಯ ಮೇಲಂತಸ್ತು.
ಡಾಕ್ಟರ್ ಖಾತುನಾ ಕನ್ನಡಿ ಕೊಟ್ಟು ಕೇಳಿದಳು:
ಎಷ್ಟು ಬೇಕು?
ಸಂತೆಯಲ್ಲಿ ಬೆಣ್ಣೆ ತೂಗುವವಳ ಹಾಗೆ.
ಅರ್ಧ ಮಿಲಿ, ಅಂದೆ. ಆಮೇಲೆ, ನಾಚಿ, ಒಂದು.

ಮರಗಟ್ಟಿಸುವ ಮುಲಾಮು ಇಪ್ಪತ್ತು ನಿಮಿಷ.
ಅಷ್ಟು ಹೊತ್ತು ನೋಡಿಕೊಂಡೆ ಕೊನೆಯ ಸಲ
ಅಪ್ಪನ ಬಾಯಿ:
ಅಂಟಿಸಿದ ಲಕೋಟೆಯ ಅಂಚು,
ಚಾಕುವಿನಲ್ಲಿ ಒಮ್ಮೆ ಗೀರಿ ಬಿಟ್ಟಂಥ ಗೆರೆ.
ನನಗೆ ಹನ್ನೊಂದಿರುವಾಗ ಪೋತಿ ಬಂದರಿಗೆ ಹೋದವ
ಕೋಟು ಒಯ್ದ, ರೇಡಿಯೋ ಒಯ್ದ,
ತುಟಿ ಮಾತ್ರ ನನ್ನ ಮುಖದಲ್ಲಿ ಮರೆತ.
ಅದಕ್ಕೆ ಹಚ್ಚಿದೆ ಕೆಂಪು, ಕಂದು, ದಾಳಿಂಬೆ;
ಪೆನ್ಸಿಲಿನಲ್ಲಿ ಗೆರೆ ಎಳೆದು ಬೇಲಿ ದಾಟಿಸಿದೆ.
ಬ್ಯಾಂಕಿನ ಗಾಜಿನ ಹಿಂದೆ ಕೂತು
ನೋಟು ಎಣಿಸುವಾಗಲೂ ಜನ ಕೇಳುತ್ತಾರೆ:
ತಾಮ್ತಾ, ಯಾಕೆ ಸಿಟ್ಟು?

ಸೂಜಿ. ಮತ್ತೆ ಸೂಜಿ.
ಕಣ್ಣಲ್ಲಿ ತಾನಾಗಿ ನೀರು. ಅದು ಅಳುವಲ್ಲ,
ನರದ ಕೆಲಸ, ಅಂದಳು ಖಾತುನಾ.
ಇದು ನಿನ್ನ ಮೈಯಲ್ಲೇ ಇರುವಂಥ ಸರಕು,
ನೀರು ಹಿಡಿದು ಕೂರುತ್ತದೆ, ಅಷ್ಟೆ.
ಬಿಸಿ ತಿನ್ನಬೇಡ, ಮುತ್ತು ಕೊಡಬೇಡ,
ಒಂಬತ್ತು ತಿಂಗಳಿಗೆ ಕರಗುತ್ತದೆ.
ಒಂಬತ್ತು ತಿಂಗಳು! ನಕ್ಕೆ.
ನಗು ತುಟಿಯ ತನಕ ಬರಲಿಲ್ಲ.

ನಾನು ಮರೆತದ್ದು ಇಷ್ಟೇ:
ಅಮ್ಮ ಓದುವುದು ನನ್ನ ತುಟಿಯನ್ನು.

ಕಾರ್ಖಾನೆಯ ಅಚ್ಚುಯಂತ್ರದ ಪಕ್ಕ ಹತ್ತೊಂಬತ್ತು ವರ್ಷ.
ಯಂತ್ರಗಳನ್ನು ಗುಜರಿಗೆ ಹಾಕಿದರು,
ಸದ್ದು ಅಮ್ಮನ ಕಿವಿಯಲ್ಲೇ ಉಳಿಯಿತು.
ಅಂದಿನಿಂದ ಅವಳಿಗೆ ಜಗತ್ತು ಮೂಕಿ ಸಿನಿಮಾ,
ಪರದೆಯ ಕೆಳಗಿನ ಅಕ್ಷರ ನಾನು.
ತೆಳು ತುಟಿ ಒಳ್ಳೆಯದು, ಅನ್ನುತ್ತಿದ್ದಳು,
ಗುಮಾಸ್ತನ ಕೈಬರಹದ ಹಾಗೆ, ಎಲ್ಲೂ ಕಲಸುವುದಿಲ್ಲ.

ಸಂಜೆ ಮನೆಗೆ ಬಂದೆ, ಮುಖಕ್ಕೆ ಎರಡು ಜಿಗಣೆ ಕಚ್ಚಿಸಿಕೊಂಡು.
ಪುರಿ ತಂದಿದ್ದೇನೆ, ಅಂದೆ:
ಬಾವಿಯಂಥ ಒಲೆಯ ಗೋಡೆಗೆ ಬಡಿದು ಸುಟ್ಟ ನಮ್ಮ ರೊಟ್ಟಿ.
ಪ ಆಗಬೇಕಾದಲ್ಲಿ ತುಟಿ ಕೂಡಲಿಲ್ಲ.
ಅಮ್ಮ ದೀಪ ಹಾಕಿದಳು. ಕನ್ನಡಕ ಒರೆಸಿದಳು.
ಇನ್ನೊಮ್ಮೆ, ಅಂದಳು.
ಪ ಇಲ್ಲ, ಬ ಇಲ್ಲ, ಮ ಇಲ್ಲ,
ಹತ್ತಿ ತುರುಕಿದ ಅಕ್ಷರಮಾಲೆ.
ಅವಳ ಮುಖದಲ್ಲಿ ಕೊನೆಯ ಬಸ್ಸು ತಪ್ಪಿದವರ ನೋಟ.
ಇಬ್ಬರೂ ತುಟಿ ಪಿಟಕ್ಕೆನ್ನದೆ ಉಂಡೆವು.

ನಮ್ಮ ಮಾತಿನಲ್ಲಿ ಅಪ್ಪನಿಗೆ ಮಾಮಾ, ಅಮ್ಮನಿಗೆ ದೇದಾ.
ಬೇರೆ ಎಷ್ಟೋ ಕಡೆ ತಿರುಗುಮುರುಗಂತೆ;
ಅಲ್ಲಿಯ ಮಕ್ಕಳು ಅಮ್ಮನನ್ನೇ ತುಟಿ ಕೂಡಿಸಿ ಕರೆಯುತ್ತವಂತೆ.
ರಾತ್ರಿ ಬಚ್ಚಲ ಕನ್ನಡಿಯೆದುರು ಹೇಳಿ ನೋಡಿದೆ.
ಮಾಮಾ ಬರಲಿಲ್ಲ.
ದೇದಾ ಬಂತು. ಹಲ್ಲಿನ ಹಿಂದೆ ನಾಲಗೆ ತಟ್ಟಿದರೆ ಸಾಕು,
ತುಟಿಯ ಹಂಗೇ ಇಲ್ಲ.
ಅವಳ ಕೋಣೆಗೆ ಹೋಗಿ, ದೀಪವನ್ನು ನನ್ನ ಮುಖಕ್ಕೆ ತಿರುಗಿಸಿ
ಹೇಳಿದೆ.
ಓದಿದಳು. ಏನು, ಅಂದಳು.
ಮುಂದಿನ ಮಾತಿಗೆಲ್ಲ ತುಟಿ ಬೇಕಿತ್ತು.

ನಾಲ್ಕನೆಯ ದಿನ ಬಾವು ಇಳಿಯಿತು.
ಎಡಗಡೆ ಹಳದಿಗೆ ತಿರುಗಿದ ಒಂದು ಕಲೆ.
ಅಮ್ಮ ಹೆಬ್ಬೆರಳಿಂದ ಒತ್ತಿ ನೋಡಿದಳು,
ಅಂಜೂರ ಹಣ್ಣಾಯಿತೇ ಎಂದು ನೋಡುವ ಹಾಗೆ.
ನಿನ್ನದೀಗ ಬೇರೆ ಊರಿನ ಉಚ್ಚಾರ, ಅಂದಳು,
ಕಡಲ ಕಡೆಯವರ ಹಾಗೆ, ಉಂಡೆ ಉಂಡೆ.
ಎಷ್ಟು ದಿನ ಇರುತ್ತದೆ ಇದು?
ಒಂಬತ್ತು ಬೆರಳು ತೋರಿಸಿದೆ.
ಅಷ್ಟರಲ್ಲಿ ಕಲಿತಿರುತ್ತೇನೆ ಬಿಡು.
ಆಮೇಲೆ ಮತ್ತೆ ಅವನ ಕೈಬರಹ.
ತಡೆದಳು.
ಅದನ್ನು ಓದಲೂ ಬೇಸರವೇನಿರಲಿಲ್ಲ.

ದುಡ್ಡು ಎಷ್ಟಾಯಿತು?
ಅರ್ಧ ಹೇಳಿದೆ.
ದಪ್ಪ ತುಟಿಯ ಸುಳ್ಳು ಅವಳಿಗಿನ್ನೂ ಹೊಸ ಪಾಠ;
ಒಂದು ಗಳಿಗೆ ಹೆಚ್ಚೇ ನೋಡಿದಳು,
ರೊಟ್ಟಿ ಮುರಿದಳು,
ದೊಡ್ಡ ತುಂಡು ನನ್ನ ಕಡೆ ಸರಿಸಿ
ಬಿಸಿ ಇದೆ, ಆರಲಿ, ಅಂದಳು.